ಬೆಣೆ ತೆಗೆದಿದೆ, ಸಾರ್

ಮಾರ್ಚ್ ೪

ಸಾಹೇಬರಿಗೆ ನಮಸ್ಕಾರ.

ಲಕೋಟೆಯ ಮೇಲಿನ ಹೆಸರು ನೋಡಿ ಯಾರಪ್ಪಾ ಇವನು ಎಂದು ಹುಬ್ಬು ಗಂಟಿಕ್ಕಿರುತ್ತೀರಿ. ಆ ಹೆಸರು ಬಿಡಿ, ಸಂಬಳದ ದಿನ ಬಿಟ್ಟರೆ ವಾಯುನೆಲೆಯಲ್ಲಿ ಅದನ್ನು ಯಾರೂ ಕರೆದದ್ದಿಲ್ಲ. ನಾನು ಗ್ರೀಸಪ್ಪ. ನಿಮ್ಮ ವಿಮಾನದ ಮೆಕ್ಯಾನಿಕ್. ನೀವು ಏಣಿ ಹತ್ತುವಾಗ ಕೆಳಗೆ ಹಿಡಿದು ನಿಂತಿರುತ್ತಿದ್ದವನು. ನಿಮ್ಮ ಭುಜದ ಪಟ್ಟಿ ಎಳೆದು ಕಟ್ಟಿ, "ಉಸಿರು ಬಿಡಿ ಸಾರ್" ಎಂದು ಇನ್ನೊಂದು ಸಲ ಬಿಗಿಯುತ್ತಿದ್ದವನು. ನಾನು ಚೆನ್ನಾಗಿದ್ದೇನೆ, ಎಡ ಮೊಣಕಾಲೊಂದು ಮಾತ್ರ ನನ್ನ ಮಾತು ಕೇಳುವುದಿಲ್ಲ.

ನಿಮ್ಮ ಪುಸ್ತಕ ಓದಿ ಮುಗಿಸಿದೆ. ಮಗಳು ತಂದುಕೊಟ್ಟಳು. ಅವಳದು ಹೊಲಿಗೆ ಅಂಗಡಿ. ನಾನು ಅಲ್ಲೇ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರಗಳನ್ನು ಬಿಚ್ಚಿ ಕಟ್ಟುತ್ತಾ ಕೂರುತ್ತೇನೆ. ರಟ್ಟಿನ ಮೇಲೆ ನಿಮ್ಮ ಚಿತ್ರ ನೋಡಿದ ಕೂಡಲೇ "ಕೊಕ್ಕರೆ ಸಾಹೇಬ್ರು!" ಎಂದು ಕೂಗಿಬಿಟ್ಟೆ, ಅಳತೆ ಕೊಡಲು ಬಂದಿದ್ದ ಹೆಂಗಸು ಬೆಚ್ಚಿಬಿದ್ದಳು. ಹೌದು ಸಾರ್, ನಾವೆಲ್ಲ ನಿಮ್ಮನ್ನು ಕರೆಯುತ್ತಿದ್ದದ್ದು ಹಾಗೆ. ಆ ಉದ್ದ ಕಾಲುಗಳನ್ನು ಮಡಚಿ ನೀವು ಕಾಕ್‌ಪಿಟ್‌ನೊಳಗೆ ಇಳಿಯುವುದನ್ನು ಒಂದು ಸಲ ನೀವೇ ನೋಡಿದ್ದರೆ ನೀವೂ ಹಾಗೇ ಕರೆದುಕೊಳ್ಳುತ್ತಿದ್ದಿರಿ.

ಪುಸ್ತಕ ಸೊಗಸಾಗಿದೆ. ಆದರೆ ನನ್ನ ತಕರಾರುಗಳಿವೆ, ಕೇಳಿ.

ಮೊದಲನೆಯದು, ಪುಟಪುಟಕ್ಕೂ "ನನ್ನ ವಿಮಾನ", "ನನ್ನ ವಿಮಾನ". ಅದು ಯಾವಾಗ ನಿಮ್ಮದಾಯಿತು? ಅದು ನನ್ನದು. ನೀವು ಒಂದು ಗಂಟೆಗೆ ಕೈಗಡ ತೆಗೆದುಕೊಂಡು ಹೋಗುತ್ತಿದ್ದಿರಿ. ಒಯ್ಯುವಾಗ ಹೇಗಿತ್ತೋ ಹಾಗೆ ತಂದುಕೊಟ್ಟದ್ದು ಒಂದು ದಿನವೂ ಇಲ್ಲ.

ಎರಡನೆಯದು, ಏಳನೇ ಅಧ್ಯಾಯದಲ್ಲಿ "ಬಲ ರೆಕ್ಕೆಯಲ್ಲಿ ತೂತು ಬಿದ್ದಿತ್ತು, ಕ್ಷೇಮವಾಗಿ ಇಳಿದೆ" ಎಂದು ಬರೆದು ಮುಂದಿನ ಮಾತಿಗೆ ಹೋಗಿಬಿಟ್ಟಿದ್ದೀರಿ. ತೂತು ಬಿದ್ದದ್ದು ಎಡ ರೆಕ್ಕೆಗೆ. ಅದಿರಲಿ, "ಕ್ಷೇಮವಾಗಿ ಇಳಿದೆ" ಎನ್ನುವುದಕ್ಕೆ ಮೊದಲು ನೆಲದ ಮೇಲೆ ಏನಾಯಿತು ಗೊತ್ತೇ? ನೀವು ಮೇಲೇರಿದ ಮೇಲೆ ನಿಮ್ಮ ಪುಸ್ತಕವೂ ನಿಮ್ಮ ಜೊತೆ ಮೇಲೇರುತ್ತದೆ, ನಾವು ಕೆಳಗೇ ಉಳಿಯುತ್ತೇವೆ. ಚಕ್ರದ ಮುಂದಿನಿಂದ ಎಳೆದ ಮರದ ಬೆಣೆಗಳು ಕೈಯಲ್ಲೇ ಇರುತ್ತಿದ್ದವು. ಎಂಜಿನ್ನಿನ ಸದ್ದು ಸಣ್ಣದಾಗುತ್ತಾ ಆಗುತ್ತಾ ಇಲ್ಲವಾಗುತ್ತಿತ್ತು. ಆಮೇಲೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬ ಒರೆಸಿದ ಪಾನಾವನ್ನೇ ಮತ್ತೆ ಒರೆಸುತ್ತಿದ್ದ. ಇನ್ನೊಬ್ಬ ಬರಿದಾದ ಲೋಟದಿಂದಲೇ ಚಹಾ ಕುಡಿಯುತ್ತಿದ್ದ. ಆ ದಿನ ನೀವು ತಡಮಾಡಿದಾಗ ನಾನು ನಿಮ್ಮನ್ನು ಬೈದ ಬೈಗುಳ ನಿಮ್ಮ ವಂಶಕ್ಕೆಲ್ಲ ಸಾಕಾಗುವಷ್ಟಿತ್ತು. ಇಳಿದಾಗ ಅಪ್ಪಿಕೊಳ್ಳಬೇಕೆನಿಸಿತು. "ರೆಕ್ಕೆ ಹಾಳು ಮಾಡ್ಕೊಂಡು ಬಂದ್ರಾ" ಎಂದಷ್ಟೇ ಅಂದೆ.

ಮೂರನೆಯದು, ಇಡೀ ಪುಸ್ತಕದಲ್ಲಿ ನನ್ನ ಸುದ್ದಿ ಒಂದೇ ಒಂದು ಸಾಲು: "ಊರಿನ ಯಂತ್ರಗಳಿಗೆಲ್ಲ ಎಣ್ಣೆ ಹಾಕುವ ಗ್ರೀಸಪ್ಪನ ಸೈಕಲ್ ಮಾತ್ರ ಮೈಲಿ ದೂರಕ್ಕೆ ಕಿರುಗುಡುತ್ತಿತ್ತು." ಮಾನ ಹರಾಜಾಯಿತು! ಎಣ್ಣೆ ಹಾಕಲು ಹೋದರೆ ನನ್ನವಳು "ಬಟ್ಟೆಗೆಲ್ಲ ಕಲೆ ಆಗುತ್ತೆ, ಕೊಡಿ ಇಲ್ಲಿ" ಎಂದು ಡಬ್ಬಿ ಕಿತ್ತುಕೊಳ್ಳುತ್ತಿದ್ದಳು. ನಾನೇನು ಮಾಡಲಿ?

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಯುದ್ಧ ಮುಗಿದ ಆ ವಾರ ನೀವು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಾರಿದಿರಲ್ಲ, ಅದು ಪುಸ್ತಕದಲ್ಲಿ ಯಾಕಿಲ್ಲ? ನಾನು ಆ ಕಥೆಯನ್ನು ಮನೆಯಲ್ಲಿ ಹೇಳುತ್ತಾ ಬಂದು ನಲವತ್ತು ವರ್ಷ ಮೀರಿತು. ಒಬ್ಬರೂ ನಂಬಿಲ್ಲ. ನನ್ನವಳು "ನೀವು ಹಾರಿದ್ದು ಮಂಚದಿಂದ ನೆಲಕ್ಕೆ" ಎನ್ನುತ್ತಾಳೆ. ಅಳಿಯನದು ಕನ್ನಡಕದ ಅಂಗಡಿ, ಕಣ್ಣಿಗೆ ಕಂಡದ್ದನ್ನೂ ಎರಡು ಸಲ ಪರೀಕ್ಷೆ ಮಾಡುವ ಆಸಾಮಿ. ಪುಸ್ತಕ ಮನೆಗೆ ಬಂದ ದಿನ ಪಂಥ ಕಟ್ಟಿದ: "ಮಾವ, ಇದ್ರಲ್ಲಿ ನೀವು ಹಾರಿದ್ದು ಇದ್ರೆ ನನ್ನ ಮೀಸೆ ಬೋಳಿಸ್ತೀನಿ. ಇಲ್ದಿದ್ರೆ ಆ ಕಥೆ ಇನ್ಮೇಲೆ ಊಟಕ್ಕೆ ಕೂತಾಗ ಬರಕೂಡದು." ಸಾಮಾನ್ಯ ಮೀಸೆಯಲ್ಲ ಸಾರ್ ಅದು, ದಿನಾ ಬೆಳಿಗ್ಗೆ ಬಾಚಣಿಗೆ ಹಾಕುವ ಮೀಸೆ. ನಾನು ಎದೆ ತಟ್ಟಿ ಒಪ್ಪಿಕೊಂಡೆ.

ಎಲ್ಲರೂ ಸುತ್ತ ಕೂತು ಪುಟ ತಿರುವಿದೆವು. ಯುದ್ಧ ಮುಗಿಯಿತು, ನಿಮ್ಮ ಮದುವೆಯಾಯಿತು, ಪುಸ್ತಕವೂ ಮುಗಿಯಿತು. ನಾನು ಹಾರಲೇ ಇಲ್ಲ.

ಒಂದು ಸಾಲು ಬರೆದು ಕಳಿಸಿ ಸಾರ್. ಅಳಿಯನ ಕೈಗೆ ಕೊಡುತ್ತೇನೆ.

ಇಂತಿ,
ಗ್ರೀಸಪ್ಪ


ಮಾರ್ಚ್ ೧೯

ಮಾನ್ಯರೆ,

ತಮ್ಮ ಪತ್ರ ತಲುಪಿತು. ಪುಸ್ತಕವನ್ನು ಇಷ್ಟು ಗಮನವಿಟ್ಟು ಓದಿದ್ದಕ್ಕೆ ಕೃತಜ್ಞ. ತಮ್ಮ ಸೇವೆಯನ್ನು ನಾನು ಮರೆತಿಲ್ಲ.

ತೂತು ಬಿದ್ದದ್ದು ಬಲ ರೆಕ್ಕೆಗೇ. ತಾವು ವಿಮಾನದ ಎದುರು ಮೂತಿಗೆ ಮುಖ ಮಾಡಿ ನಿಂತು ನೋಡಿದವರು, ನಾನು ಒಳಗೆ ಕೂತವನು. ತಮ್ಮ ನೆನಪಿನ ಚಿತ್ರದಲ್ಲಿ ಎಡಬಲ ಅದಲು ಬದಲಾಗಿದೆ.

ತಾವು ಪ್ರಸ್ತಾಪಿಸಿದ ಹಾರಾಟದ ಬಗ್ಗೆ: ಆ ಹಾರಾಟ ನಡೆದೇ ಇಲ್ಲ. ಬೆಣೆ ಚಕ್ರದ ಮುಂದೆ ಇದ್ದಲ್ಲೇ ಇದೆ. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಮಾತು ಕೇಳದಿರುವುದು ನನ್ನ ಬಲ ಮೊಣಕಾಲು.

ತಮ್ಮ ವಿಶ್ವಾಸಿ


ಮಾರ್ಚ್ ೨೬

ಸಾರ್,

ನಿಮ್ಮ ಪತ್ರವನ್ನು ಎಲ್ಲರ ಮುಂದೆ ಒಡೆದೆ. ಬುದ್ಧಿವಂತನಾಗಿದ್ದರೆ ಹಿತ್ತಲಿಗೆ ಹೋಗಿ ಒಬ್ಬನೇ ಓದುತ್ತಿದ್ದೆ. ಅಳಿಯನೇ ಗಟ್ಟಿಯಾಗಿ ಓದಿದ. "ಆ ಹಾರಾಟ ನಡೆದೇ ಇಲ್ಲ" ಎನ್ನುವಲ್ಲಿ ನಿಲ್ಲಿಸಿ, ಮೀಸೆಯ ಎರಡೂ ತುದಿಯನ್ನು ನಿಧಾನವಾಗಿ ತಿರುವಿದ. ಒಳ್ಳೆಯ ಹುಡುಗ, ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ರೆಕ್ಕೆಯ ವಿಷಯ ಒಪ್ಪಿದೆ. ಇಡೀ ರಾತ್ರಿ ಒಂದು ಕತ್ತರಿಯನ್ನು ವಿಮಾನ ಮಾಡಿ ಆ ಕಡೆ ಈ ಕಡೆ ತಿರುಗಿಸಿದೆ. ಬಲವೇ ಸರಿ. ಆದರೆ ಎಡಬಲ ತಪ್ಪಿದವನು ಮೇಲೆ ಕೆಳಗೆ ತಪ್ಪುತ್ತಾನೆಯೇ? ನೆಲದ ಮೇಲಿದ್ದೆನೋ ಆಕಾಶದಲ್ಲಿದ್ದೆನೋ ನನಗೆ ತಿಳಿಯದೇ?

ನೆನಪಿಸುತ್ತೇನೆ. ಹೊಸ ಎಂಜಿನ್ ಕೂರಿಸಿದ್ದ ಎರಡು ಸೀಟಿನ ವಿಮಾನ. ಪರೀಕ್ಷೆಗೆಂದು ನೀವು ಹಾರಬೇಕಿತ್ತು. ದೊಡ್ಡ ಸಾಹೇಬರು ಊರಲ್ಲಿರಲಿಲ್ಲ. "ಎಂಜಿನ್ ಕೂರಿಸಿದೋನು ನೀನು. ಅದರ ಮೇಲೆ ನಂಬಿಕೆ ಇದ್ರೆ ಹಿಂದೆ ಕೂತ್ಕೋ" ಅಂದಿರಿ. ಯಾರದೋ ಹೆಲ್ಮೆಟ್ ಕೊಟ್ಟಿರಿ, ತಲೆ ತಿರುಗಿಸಿದರೆ ಹೆಲ್ಮೆಟ್ ತಿರುಗುತ್ತಿರಲಿಲ್ಲ. ಏಣಿಯ ಮೇಲೆ ಮೊದಲ ಸಲ ನನ್ನ ಭುಜದ ಪಟ್ಟಿಯನ್ನು ನೀವು ಬಿಗಿದಿರಿ, "ಉಸಿರು ಬಿಡು ಗ್ರೀಸಪ್ಪ" ಎಂದಿರಿ. ಕೆಳಗೆ ಬೆಳ್ಳಿ ಸರಿಗೆಯಂಥ ನದಿ, ಅರಳೆಯ ಗುಡ್ಡೆಗಳಂತೆ ಮೋಡ. ಇದೆಲ್ಲ ನಡೆದೇ ಇಲ್ಲವೇ?

ಬೆಣೆ ಇದ್ದಲ್ಲೇ ಇದೆ ಎಂದರೆ ಏನರ್ಥ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಜಾತಿ ನಿಮ್ಮದಾಗಿರಲಿಲ್ಲ. ನಿಮಗೂ ವಯಸ್ಸಾಯಿತು, ಮಾತು ಎಲ್ಲಿಂದೆಲ್ಲಿಗೋ ಹೋಗುತ್ತದೆ ಎಂದುಕೊಂಡೆ. ಅಥವಾ ಮೆಕ್ಯಾನಿಕ್ ಒಬ್ಬನನ್ನು ಕೂರಿಸಿಕೊಂಡದ್ದು ಅಷ್ಟು ದೊಡ್ಡ ಪುಸ್ತಕಕ್ಕೆ ಶೋಭೆಯಲ್ಲ ಎನಿಸಿತೋ? ಹಾಗಿದ್ದರೆ ಹಾಗೆಂದೇ ಬರೆಯಿರಿ, ನನಗೆ ಕೋಪವಿಲ್ಲ. ಕೋಪವಿದೆ. ಅದು ಬೇರೆ ಮಾತು.

ಕೊಟ್ಟ ಮಾತಿನಂತೆ ಆ ಕಥೆಗೆ ಬೀಗ ಹಾಕಿದ್ದೇನೆ.

ಗ್ರೀಸಪ್ಪ

(ಇದೇ ಲಕೋಟೆಯಲ್ಲಿ, ಹೊಲಿಗೆ ಅಂಗಡಿಯ ರಸೀದಿಯ ಹಿಂಬದಿಯಲ್ಲಿ, ಬೇರೆ ಕೈಬರಹ)

ಅಣ್ಣಾವ್ರೇ, ನಾನು ಗ್ರೀಸಪ್ಪನವರ ಹೆಂಡತಿ. ಅಂಟಿಸೋಕ್ಕೆ ಮೊದ್ಲು ಅವರಿಗೆ ಗೊತ್ತಿಲ್ದಂಗೆ ಇದನ್ನ ಹಾಕ್ತಾ ಇದೀನಿ. ಅವರು ಹಾರಿದ್ದನ್ನ ನಾನು ಯಾವತ್ತೂ ನಂಬಿಲ್ಲ. ನದಿ ವರ್ಷ ವರ್ಷಕ್ಕೂ ಅಗಲ ಆಗ್ತಿತ್ತು, ಹೇಗೆ ನಂಬ್ಲಿ? ಆದ್ರೆ ಈಗ ಊಟಕ್ಕೆ ಕೂತ್ರೆ ಮನೆ ಬಿಕೋ ಅನ್ನುತ್ತೆ. ತಟ್ಟೆ ನೋಡ್ಕೊಂಡು ತಿಂದು ಎದ್ದು ಹೋಗ್ತಾರೆ. ಮೊನ್ನೆ ಅಳಿಯಾನೇ "ಮಾವ, ಆ ಮೋಡದ ಕಥೆ ಒಂದ್ಸಲ ಹೇಳಿ" ಅಂದ. "ನಡೆದೇ ಇಲ್ದಿರೋದನ್ನ ಏನು ಹೇಳೋದು" ಅಂದ್ಬಿಟ್ರು. ನಿಜಾನೋ ಸುಳ್ಳೋ, ನನಗೆ ಆ ಕಥೆ ವಾಪಸ್ ಬೇಕು. ಏನಾದ್ರೂ ಮಾಡಿ.


ಏಪ್ರಿಲ್ ೩

ಗ್ರೀಸಪ್ಪ,

ಹೆಚ್ಚು ಬರೆಯಲು ನನಗೆ ಅನುಮತಿಯಿಲ್ಲ. ಅನುಮತಿ ಕೊಡಬೇಕಾದವನು ನೀನು.

ಒಂದು ಕೆಲಸ ಮಾಡು. ಯಾವುದಾದರೂ ಗಾಡಿಯ ಚಕ್ರದ ಪಕ್ಕ ಕೂತು ಯೋಚಿಸು. ನಡೆದೇ ಇಲ್ಲದ ಆ ಹಾರಾಟದಿಂದ ಇಳಿದ ಮೇಲೆ, ರೆಕ್ಕೆಯ ನೆರಳಲ್ಲಿ, ನಿನ್ನ ಗ್ರೀಸು ಮೆತ್ತಿದ ಬಲಗೈಯನ್ನು ನನ್ನ ಎದೆಯ ಮೇಲೆ ಒತ್ತಿ ನನ್ನಿಂದ ಏನು ಹೇಳಿಸಿದೆ?

ನೆನಪಾಗದಿದ್ದರೆ ಇನ್ನೊಂದು ಗಾಡಿಯ ಪಕ್ಕ ಕೂರು.

ಕೊಕ್ಕರೆ
(ನಲವತ್ತು ವರ್ಷ ಯಾರೂ ಹೇಳಲಿಲ್ಲವಲ್ಲ! ನನ್ನಾಕೆ ಈಗ ದಿನವಿಡೀ ಹಾಗೇ ಕರೆಯುತ್ತಿದ್ದಾಳೆ.)


ಏಪ್ರಿಲ್ ೯

ಸಾರ್! ಸಾರ್! ಸಾರ್!

ಬೆಣೆ ತೆಗೆದಿದೆ!

ಮೊದಲು ಅದನ್ನು ಬರೆದುಬಿಟ್ಟೆ, ಇನ್ನು ಉಸಿರು ತೆಗೆದುಕೊಂಡು ಮುಂದೆ ಬರೆಯುತ್ತೇನೆ. ಬೆಣೆ ತೆಗೆದಿದೆ, ಸಾರ್. ಎರಡೂ ಚಕ್ರದ್ದು. ನನ್ನ ಎರಡು ಕೈಯಲ್ಲೂ ಹಿಡಿದು ಮೇಲೆತ್ತಿ ತೋರಿಸುತ್ತಿದ್ದೇನೆ ಎಂದು ತಿಳಿಯಿರಿ.

ನೀವು ಹೇಳಿದಂತೆ ಹಾಲಿನವನ ಮೂರು ಚಕ್ರದ ಗಾಡಿಯ ಪಕ್ಕ ಕೂತೆ. ಗಾಡಿ ಇಳಿಜಾರಿನಲ್ಲಿ ನಿಂತಿತ್ತು, ಚಕ್ರಕ್ಕೆ ಅವನು ಒಂದು ಇಟ್ಟಿಗೆ ಕೊಟ್ಟಿದ್ದ. ಆ ಇಟ್ಟಿಗೆ ನೋಡುತ್ತಾ ನೋಡುತ್ತಾ ಇದ್ದ ಹಾಗೆ ಎಲ್ಲ ನೆನಪಾಗಿಬಿಟ್ಟಿತು. ಅಲ್ಲೇ ರಸ್ತೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಾಲಿನವನು ಮಗಳನ್ನು ಕರೆದ, ಮಗಳು ಅಳಿಯನನ್ನು ಕರೆದಳು, ಅಳಿಯ ನನ್ನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬರೆದರೇ ನನಗೆ ಸಮಾಧಾನ. ನಮ್ಮ ಕಸುಬಿನ ಕಟ್ಟಳೆ ಒಂದೇ: ಬೆಣೆ ತೆಗೆದು ನಾನು ಕೈಯೆತ್ತಿ ತೋರಿಸುವ ತನಕ ನೀವು ಚಕ್ರ ಉರುಳಿಸುವ ಹಾಗಿಲ್ಲ. ರಾಜನೇ ಬಂದು ಹೊರಡು ಎಂದರೂ ಇಲ್ಲ. ಆ ದಿನ ಇಳಿದ ಮೇಲೆ ನನಗೆ ಜೀವ ಝಲ್ಲೆಂದಿತು. ನನಗೆ ಬಡ್ತಿ ಬರುವುದಿತ್ತು. ದೊಡ್ಡ ಸಾಹೇಬರ ಅಪ್ಪಣೆಯಿಲ್ಲದೆ ಹಾರಿದ್ದು ತಿಳಿದರೆ ಬಡ್ತಿಯೂ ಇಲ್ಲ, ಕೆಲಸವೂ ಇಲ್ಲ. ನನ್ನ ಬಾಯಿಯ ಮೇಲೆ ನನಗೇ ಭರವಸೆ ಇರಲಿಲ್ಲ. ಅದಕ್ಕೇ ನಿಮ್ಮ ಎದೆಯ ಮೇಲೆ ಕೈ ಇಟ್ಟು ಹೇಳಿದೆ: "ಸಾರ್, ಈ ಹಾರಾಟ ನಡೆದೇ ಇಲ್ಲ. ಯಾರು ಕೇಳಿದ್ರೂ ನಡೆದೇ ಇಲ್ಲ ಅನ್ನಿ. ನಾನೇ ಖುಷಿಯಾಗಿ ನಾಲ್ಕು ಜನರ ಮುಂದೆ ಬಂದು ಕೇಳಿದ್ರೂ ನಡೆದೇ ಇಲ್ಲ ಅನ್ನಿ. ಬೆಣೆ ತೆಗೆದಿದೆ ಅಂತ ನನ್ನ ಬಾಯಿಂದ ಬಂದ್ರೆ ಮಾತ್ರ ಬಾಯಿ ಬಿಡಿ." ನೀವು ಕಾಲು ಜೋಡಿಸಿ ನಿಂತು ಸೆಲ್ಯೂಟ್ ಹೊಡೆದು "ಸರಿ" ಅಂದಿರಿ.

ಅಷ್ಟೆಲ್ಲ ಮಾಡಿದ ನಾನು ಬಡ್ತಿ ಬಂದ ದಿನವೇ ಆ ಆಣೆಯನ್ನು ಮರೆತು ಊರಿಗೆಲ್ಲ ಡಂಗುರ ಹೊಡೆದೆ. ಕ್ಷೌರದವನಿಗೆ ಗೊತ್ತು, ಅಂಚೆಯವನಿಗೆ ಗೊತ್ತು, ಹಲ್ಲು ಕೀಳುವ ಡಾಕ್ಟರಿಗೂ ಬಾಯಿ ತೆರೆದುಕೊಂಡೇ ಹೇಳಿದ್ದೇನೆ. ನೀವು ಪುಸ್ತಕವನ್ನೇ ಬರೆದರೂ ಬಾಯಿ ಬಿಡಲಿಲ್ಲ! ನಾನೇ ತೋಡಿದ ಹಳ್ಳಕ್ಕೆ ನಾನೇ ಬಿದ್ದು, ಸಾಲದ್ದಕ್ಕೆ ನಿಮ್ಮನ್ನೇ ಬೈದೆ. ಕ್ಷಮಿಸಿ ಸಾರ್. ಇಲ್ಲ, ಕ್ಷಮಿಸುವುದೂ ಬೇಡ, ನಕ್ಕುಬಿಡಿ.

ಅಳಿಯನಿಗೆ ಹೇಳಿದೆ. "ಇದೂ ಕಥೆ ಚೆನ್ನಾಗಿದೆ ಮಾವ" ಅಂದ. ಸಾಕ್ಷಿ ಬೇಕಂತೆ.

ಗ್ರೀಸಪ್ಪ


ಏಪ್ರಿಲ್ ೧೬

ಪ್ರಿಯ ಗ್ರೀಸಪ್ಪ,

ಅಬ್ಬಾ! ಈಗ ಬರೆಯಬಹುದು.

ಆ ಹಾರಾಟ ನಡೆದಿದೆ. ನಡೆದಿದೆ, ನಡೆದಿದೆ. ಒಮ್ಮೆ ಬರೆದರೆ ಸಾಲದು ಎನಿಸುತ್ತಿದೆ.

ಪುಸ್ತಕಕ್ಕೆ ಅದನ್ನು ಬರೆದಿದ್ದೆ. ಒಂದು ಇಡೀ ಅಧ್ಯಾಯ. ಚೆನ್ನಾಗಿಯೂ ಬಂದಿತ್ತು. ಅಚ್ಚಿಗೆ ಕೊಡುವ ಮುನ್ನಾದಿನ ಕೈ ತಡೆಯಿತು. ನೀನು ಎಲ್ಲಿದ್ದೀಯೋ, ನಿನ್ನ ಪಿಂಚಣಿಗೆ ಕುತ್ತು ಬಂದೀತೋ, ಗೊತ್ತಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬೆಣೆ ತೆಗೆದಿರಲಿಲ್ಲ. ಹರಿದು ಹಾಕಿದೆ. ನಿನ್ನ ಮೊದಲ ಪತ್ರ ಬಂದಾಗ ಕುಣಿದಾಡಿದೆ. ಆಮೇಲೆ "ನಾನೇ ಬಂದು ಕೇಳಿದ್ರೂ" ಎಂದು ನೀನೇ ಅಂದದ್ದು ನೆನಪಾಗಿ ಪೆಚ್ಚಾದೆ. ಇದು ಪರೀಕ್ಷೆಯೋ ಏನೋ ಎಂದು ಆ ಒಣ ಉತ್ತರ ಬರೆದೆ. ಬೆಣೆಯ ಮಾತು ಸೇರಿಸಿದರೆ ನಿನಗೆ ಹೊಳೆದೀತು ಎಂದುಕೊಂಡಿದ್ದೆ. ನಿನ್ನ ಮರೆವಿನ ಬಗ್ಗೆ ನಾನು ತೀರಾ ಕಡಿಮೆ ಅಂದಾಜು ಮಾಡಿದ್ದೆ.

ನೀನು ನನ್ನ ಬಾಯಿಗೆ ಹಾಕಿದ ಬೀಗದಿಂದ ಇಲ್ಲೊಂದು ಸಂಸಾರಕ್ಕೆ ಎಷ್ಟು ತೊಂದರೆಯಾಯಿತು ಕೇಳು. ನಾನು ಆ ದಿನ ಹಾಕಿದ್ದ ಹಾರಾಟದ ಮೇಲಂಗಿಯ ಎದೆಯ ಮೇಲೆ ನಿನ್ನ ಐದು ಬೆರಳಿನ ಗ್ರೀಸು ಅಚ್ಚೊತ್ತಿದೆ. ಏನು ಹಾಕಿ ತಿಕ್ಕಿದರೂ ಹೋಗಲಿಲ್ಲ. ನನ್ನಾಕೆ ಮದುವೆಯಾದ ಮೊದಲ ವಾರ ಕೇಳಿದಳು, "ಯಾರ ಕೈ ಇದು?" ನಾನು ಹೇಳಲಾರೆ ಎಂದೆ. ಮದುವೆಯಾದ ಮೊದಲ ವಾರ! ಹೆಂಗಸಿನ ಕೈ ಇಷ್ಟು ದೊಡ್ಡದಿರಲಾರದು ಎಂದು ಅವಳೇ ಸಮಾಧಾನ ಮಾಡಿಕೊಂಡಳು. ಮೊನ್ನೆ ನಿನ್ನ ಪತ್ರ ಓದಿ ತೋರಿಸಿದೆ. ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ, "ಇಷ್ಟಕ್ಕೇನಾ? ನಾನು ಏನೇನೋ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಬರೀ ಮೆಕ್ಯಾನಿಕ್ಕು!" ಎಂದು ಬೇಜಾರು ಮಾಡಿಕೊಂಡಳು.

ಸಾಕ್ಷಿ ಬೇಕಂತಲ್ಲ ನಿನ್ನ ಅಳಿಯನಿಗೆ. ಅಂಗಿ ಟ್ರಂಕಿನಲ್ಲಿದೆ. ಏಪ್ರಿಲ್ ಕೊನೆಯ ಭಾನುವಾರ ನಾವಿಬ್ಬರೂ ಬರುತ್ತೇವೆ. ಕ್ಷೌರದ ಸಾಮಾನು ಸಿದ್ಧವಿರಲಿ.

ಕೊಕ್ಕರೆ


ಮೇ ೬

ಸಾರ್,

ನೀವು ಹೋದ ಮೇಲೂ ಮನೆಯಲ್ಲಿ ನಗು ನಿಂತಿಲ್ಲ.

ಅಳಿಯ ಅಂಗಡಿಗೆ ಹೋಗಿ ಬರುತ್ತಿದ್ದಾನೆ. ಗಿರಾಕಿಗಳು ಒಳಗೆ ಬಂದು, ಅವನ ಮುಖ ನೋಡಿ, ಅಂಗಡಿ ತಪ್ಪಿತೆಂದು ಹೊರಗೆ ಹೋಗಿ ಬೋರ್ಡು ಓದುತ್ತಾರಂತೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ನಮ್ಮ ಜಟ್ಟಿಗೆ ಮಣ್ಣಾಗಲು ಮೀಸೆಯೇ ಉಳಿಯಲಿಲ್ಲ. ಆದರೂ ಅವನನ್ನು ಮೆಚ್ಚಬೇಕು. ಮಗಳ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನೀವು ಆ ಅಂಗಿ ಹರಡಿದಾಗ, ಭೂತಗನ್ನಡಿ ತಂದು ಒಂದೊಂದು ಬೆರಳನ್ನೂ ನೋಡಿದ. ಆ ಅಚ್ಚಿನ ಮೇಲೆ ನಾನು ಕೈ ಇಟ್ಟೆ. ಮುರಿದು ಸೊಟ್ಟ ಕೂತ ನನ್ನ ಉಂಗುರದ ಬೆರಳು ಕಲೆಯ ಸೊಟ್ಟ ಬೆರಳಿನ ಮೇಲೆ ಸರಿಯಾಗಿ ಕೂತಿತು. ಅಳಿಯ ಭೂತಗನ್ನಡಿ ಕೆಳಗಿಟ್ಟು, "ಕತ್ತರಿ ಕೊಡು" ಎಂದು ಮಗಳ ಕಡೆ ಕೈ ಚಾಚಿದ. ಅವಳು ಕೊಟ್ಟದ್ದು ಪರದೆ ಕತ್ತರಿಸುವ ದೊಡ್ಡ ಕತ್ತರಿ. ನಾನು ಇಷ್ಟು ನಕ್ಕದ್ದು ಯಾವಾಗಲೋ ನೆನಪಿಲ್ಲ.

ನನ್ನವಳು ಮಾತ್ರ ಆ ಅಂಗಿಯನ್ನು ತುಂಬ ಹೊತ್ತು ನೋಡುತ್ತಾ ನಿಂತಿದ್ದಳು. ನೀವು ಹೊರಟ ಮೇಲೆ "ಅಂದ್ರೆ ನಿಜವಾಗ್ಲೂ ಹೋಗಿದ್ರಿ" ಅಂದಳು. ಹೌದು ಅಂದೆ. "ಹೇಳದೆ ಹೋಗಿದ್ರಿ" ಅಂದಳು. ಈ ಹೆಂಗಸರಿಗೆ ನಂಬದಿದ್ದರೂ ಕಷ್ಟ, ನಂಬಿದರೂ ಕಷ್ಟ.

ಒಂದು ಮಾತು ಕೇಳಬೇಕಿತ್ತು. ಊಟಕ್ಕೆ ಕೂತಾಗ ನೀವು "ಈಗ ನೀನೇ ಹೇಳು ಗ್ರೀಸಪ್ಪ, ಮೇಲಿಂದ ಏನೇನು ಕಾಣಿಸ್ತು" ಅಂದಿರಿ. ನಾನು ಬೀಗ ತೆಗೆದು ಶುರುಮಾಡಿದೆ. ಮೋಡ ಬಂತು, ನದಿ ಬಂತು. ಪ್ರತಿಯೊಂದಕ್ಕೂ ನೀವು ಹೌದು ಹೌದು ಎಂದು ತಲೆಯಾಡಿಸಿದಿರಿ. ನದಿಯಲ್ಲಿ ಎರಡು ದೋಣಿ ಇತ್ತು ಎಂದು ನೀವೇ ಸೇರಿಸಿದಿರಿ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ನಾನು ಮಾತ್ರ ತುತ್ತು ಕೈಯಲ್ಲೇ ಹಿಡಿದು ನಿಮ್ಮನ್ನು ನೋಡಿದೆ. ನನ್ನ ಕಥೆಯಲ್ಲಿ ಯಾವತ್ತೂ ದೋಣಿ ಇರಲಿಲ್ಲ. ಎಲ್ಲಿಂದ ತಂದಿರಿ ಸಾರ್?

ಗ್ರೀಸಪ್ಪ


ಮೇ ೧೪

ಗ್ರೀಸಪ್ಪ,

ನದಿಯೇ ಇಲ್ಲದಿರುವಾಗ ದೋಣಿಗೇನು ಕೊರತೆ?

ನಾವು ಹಾರಿದ ದಿಕ್ಕಿನಲ್ಲಿ ನದಿ ಇಲ್ಲ, ಮಾರಾಯ. ಬರೀ ಬಯಲು, ಒಂದು ರೈಲು ಹಳಿ, ಇಟ್ಟಿಗೆ ಸುಡುವ ಒಂದಷ್ಟು ಗೂಡುಗಳು. ಮೋಡವಂತೂ ಚೂರೂ ಇರಲಿಲ್ಲ, ಪರೀಕ್ಷೆಗೆಂದೇ ತಿಳಿಯಾದ ದಿನ ಆರಿಸಿದ್ದೆವು.

ನನ್ನ ತಲೆಯ ಮೇಲೆ ಒಂದು ಪುಟ್ಟ ಕನ್ನಡಿ ಇತ್ತು, ನೆನಪಿದೆಯೇ? ಹಿಂದೆ ಶತ್ರು ಬಂದರೆ ಕಾಣಲಿ ಎಂದು ಇಟ್ಟದ್ದು. ಆ ದಿನ ಅದರಲ್ಲಿ ನಿನ್ನ ಮುಖ ಕಾಣುತ್ತಿತ್ತು. ಓಡುಹಾದಿಯಲ್ಲಿ ಹೊರಟಾಗ ಕಣ್ಣು ಮುಚ್ಚಿದ ನೀನು, ಚಕ್ರ ಮತ್ತೆ ನೆಲ ಮುಟ್ಟಿದ ಮೇಲೆಯೇ ತೆರೆದೆ. ಒಂದು ಸಲ ವಿಮಾನವನ್ನು ಬೇಕೆಂದೇ ಪಕ್ಕಕ್ಕೆ ವಾಲಿಸಿದೆ. ಆಗಲೂ ನೀನು ಕಣ್ಣು ಬಿಡಲಿಲ್ಲ. ಪಾಪ, ಹೆದರಿದ್ದಾನೆ ಎಂದು ಬೇಗ ಇಳಿಸಿಬಿಟ್ಟೆ.

ನಿನ್ನ ಮನೆಯವರ ಮುಂದೆ ಇದನ್ನು ಹೇಳುವ ಮನುಷ್ಯ ನಾನಲ್ಲ. ಈಗ ಹೇಳುತ್ತಿರುವುದೂ ಹಂಗಿಸಲಿಕ್ಕಲ್ಲ. ಪುಸ್ತಕದಲ್ಲಿ ಬರೆಯದ ಒಂದು ಮಾತನ್ನು ನಿನಗೆ ಬರೆಯುತ್ತೇನೆ. ನನಗೂ ಹೆದರಿಕೆಯಾಗುತ್ತಿತ್ತು. ಒಂದೆರಡು ಸಲವಲ್ಲ, ಪ್ರತಿ ಸಲ. ನೀನು ಬೆಣೆ ಎತ್ತಿ ತೋರಿಸುತ್ತಿದ್ದೆಯಲ್ಲ, ಅದನ್ನು ನೋಡಿದರೆ ಹೊರಡುವ ಧೈರ್ಯ ಬರುತ್ತಿತ್ತು. ಚಕ್ರ ನೆಲ ಬಿಡುವ ತನಕ ಆ ಕನ್ನಡಿಯಲ್ಲಿ ನಿನ್ನನ್ನೇ ಹುಡುಕುತ್ತಿದ್ದೆ. ಯೋಧನೊಬ್ಬ ಇದನ್ನು ಬರೆದುಕೊಂಡರೆ ಹೇಗೆ ಎಂದು ಬಿಟ್ಟೆ. ಎರಡನೆಯ ಮುದ್ರಣಕ್ಕೆ ಅದನ್ನೂ ಬರೆಯುತ್ತಿದ್ದೇನೆ, ಹರಿದು ಹಾಕಿದ ಅಧ್ಯಾಯವನ್ನೂ ಬರೆಯುತ್ತಿದ್ದೇನೆ. ಅದಕ್ಕೇ ಕೇಳುತ್ತಿದ್ದೇನೆ, ಕಣ್ಣು ಮುಚ್ಚಿದ್ದನ್ನು ಹಾಕಲೋ, ಬಿಡಲೋ? ನೀನು ಹೇಗೆ ಹೇಳಿದರೆ ಹಾಗೆ.

ಕೊಕ್ಕರೆ


ಮೇ ೨೨

ಸಾರ್,

ಹೆದರಿಕೆಯೇ? ನಾನು ಕೂರಿಸಿದ ಎಂಜಿನ್ನಿಗೆ ನಾನು ಹೆದರುವುದೇ! ನಲವತ್ತು ವರ್ಷದಿಂದ ನೀವು ಹಾಗೆ ತಿಳಿದುಕೊಂಡು, ಪಾಪ, ನನ್ನ ಮಾನ ಕಾಪಾಡುತ್ತಾ ಬಂದಿದ್ದೀರಿ. ಓದಿ ನಗುವೂ ಬಂತು, ಕಣ್ಣೂ ತುಂಬಿತು.

ಕಣ್ಣು ಮುಚ್ಚಿದ್ದು ನಿಜ. ನದಿ ಸುಳ್ಳು. ಕಾರಣ ಬೇರೆ, ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳಿದರೆ ಯಾರಿಗೆ ಅರ್ಥವಾದೀತು ಎಂದು ನದಿ ಕಟ್ಟಿ ಹೇಳಿದೆ. ಆಕಾಶಕ್ಕೆ ಹೋಗಿ ಬಂದವನು ಏನು ನೋಡಿದೆ ಎಂದೇ ಎಲ್ಲರೂ ಕೇಳುತ್ತಾರೆ, ನೋಡಲಿಲ್ಲ ಎಂದರೆ ಕೈಲಾಗದವನು ಎನ್ನುತ್ತಾರೆ.

ಸಾರ್, ಯುದ್ಧದ ಉದ್ದಕ್ಕೂ ನಾನು ಆ ಸದ್ದು ನನ್ನಿಂದ ದೂರ ಹೋಗುವುದನ್ನೇ ಕೇಳಿದವನು. ಬೆಣೆ ಎತ್ತಿ ತೋರಿಸುತ್ತೇನೆ, ನೀವು ಹೊರಡುತ್ತೀರಿ, ಸದ್ದು ಸಣ್ಣದಾಗುತ್ತದೆ, ಇನ್ನೂ ಸಣ್ಣದಾಗುತ್ತದೆ, ಇಲ್ಲವಾಗುತ್ತದೆ. ಅದು ಮತ್ತೆ ಹುಟ್ಟುವ ತನಕ ನನ್ನ ಕಿವಿ ನನ್ನದಾಗಿರುತ್ತಿರಲಿಲ್ಲ. ಕೆಲವರ ಸದ್ದು ಮತ್ತೆ ಹುಟ್ಟಲಿಲ್ಲ, ಅದು ನಿಮಗೂ ಗೊತ್ತು. ಆ ದಿನ ನಾನು ಒಳಗೆ ಕೂತೆ. ನೀವು ಓಡಿಸಿದಿರಿ, ನೆಲ ಬಿಟ್ಟಿತು. ಸದ್ದು ಸಣ್ಣದಾಗುತ್ತದೆ ಎಂದು ಕಾದೆ. ಆಗಲಿಲ್ಲ. ನನ್ನ ಬೆನ್ನ ಹಿಂದೆಯೇ, ನನ್ನ ಜೊತೆಯೇ ಬರುತ್ತಿತ್ತು. ಎಷ್ಟು ದೂರ ಹೋದರೂ ಅದು ಹೋಗಲೇ ಇಲ್ಲ. ಅದನ್ನು ಕೇಳಲೆಂದು ಕಣ್ಣು ಮುಚ್ಚಿದೆ. ನೀವು ವಾಲಿಸಿದ್ದೂ ಗೊತ್ತು, ಎಂಜಿನ್ ಒಂದು ಚೂರು ಗೊಣಗಿತು. ಬೇಗ ಇಳಿಸಿದಿರಲ್ಲ, ಅದೊಂದಕ್ಕೆ ಮಾತ್ರ ಈಗ ಕೋಪ ಬರುತ್ತಿದೆ!

ನಿಮ್ಮ ಪತ್ರ ಓದಿದ ಮೇಲೆ ಇಷ್ಟನ್ನೂ ನನ್ನವಳಿಗೆ ಹೇಳಿದೆ. ನದಿ ಸುಳ್ಳು ಎಂದು ಅವಳ ಮುಂದೆ ಒಪ್ಪಿಕೊಂಡೆ. ಗೇಲಿ ಮಾ​ಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. ಗುಂಡಿ ಹಚ್ಚುತ್ತಿದ್ದ ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಅಂದಳು:

"ನಿಮಗೆ ಕಾಯೋಕೆ ನಾಲ್ಕು ಜನ ಜೊತೆಗಿದ್ರು. ನಾನು ಮನೇಲಿ ಒಬ್ಳೇ. ವಾಯುನೆಲೆ ಮೇಲೆ ಬಾಂಬ್ ಬಿತ್ತು ಅಂತ ದಿನಾ ಒಬ್ರು ಬಂದು ಹೇಳೋರು. ಬಾಗಿಲ ಹತ್ರ ಕೂತು ನಿಮ್ಮ ಸೈಕಲ್ ಸದ್ದು ಬರುತ್ತಾ ಅಂತ ಕೇಳ್ತಾ ಇರ್ತಿದ್ದೆ. ಬೀದಿ ತುದೀಲಿ ಅದು ಕಿರ್ ಅಂದ್ರೆ ಎದ್ದು ಒಲೆ ಹಚ್ತಿದ್ದೆ."

ನಾನು ಅವಳ ಮುಖವನ್ನೇ ನೋಡಿದೆ.

"ಮತ್ತೆ ಎಣ್ಣೆ ಡಬ್ಬಿ ಯಾಕೆ ಕಿತ್ಕೊಳ್ತಿದ್ದೆ ಅಂದ್ಕೊಂಡ್ರಿ?" ಅಂದಳು.

ಎರಡನೆಯ ಮುದ್ರಣದಲ್ಲಿ ಕಣ್ಣು ಮುಚ್ಚಿದ್ದನ್ನು ಹಾಕಿ ಸಾರ್. ನದಿ ಮನೆಯಲ್ಲೇ ಇರಲಿ, ಅಳಿಯನಿಗೆ ಅದರ ಮೇಲೆ ಆಸೆ. ದೋಣಿಯೂ ಇರಲಿ. ಸೈಕಲ್ಲಿನ ಸಾಲನ್ನು ಮಾತ್ರ ಹೇಗಿದೆಯೋ ಹಾಗೆ ಬಿಡಿ, ಒಂದಕ್ಷರ ಮುಟ್ಟಬೇಡಿ. ನಿನ್ನೆ ಮಗಳು ಅದನ್ನು ಗಟ್ಟಿಯಾಗಿ ಓದಿದಳು, ನನ್ನವಳು ಇನ್ನೊಂದು ಸಲ ಓದಿಸಿದಳು.

ಗ್ರೀಸಪ್ಪ